‘ನಿಲ್ಲಿಸಿ’ ಅನ್ನೋ ಹಾಡು

ನಾಲ್ಕು ವರ್ಷದಲ್ಲಿ ಆ ಹಾಡು ಒಮ್ಮೆಯೂ ಕೊನೆ ಮುಟ್ಟಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಮೂರೇ ಮೂರು ಚರಣದ ಹಾಡು. ಅಂಗಡಿಯೊಂದರ ಉದ್ಘಾಟನೆಯಲ್ಲಿ ಎರಡನೇ ಚರಣದ ನಡುವೆ ಮುಖ್ಯ ಅತಿಥಿಗಳು ಕಾರಿನಿಂದ ಇಳಿದುಬಿಟ್ಟರು. ಯಾವುದೋ ಆಫೀಸಿನ ವಾರ್ಷಿಕೋತ್ಸವದಲ್ಲಿ ಬಹುಮಾನದ ಪಟ್ಟಿ ಓದಬೇಕೆಂದು ಒಬ್ಬರು ಹಾಡುವವಳ ಕೈಯಿಂದಲೇ ಮೈಕು ಕಿತ್ತುಕೊಂಡರು, ಅದೂ ನಗುನಗುತ್ತಾ. ಇನ್ನು ಈ ಹೋಟೆಲಿನದು ಬೇರೆಯೇ ಕಥೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಇಲ್ಲಿ ಹಾಡಲು ಬಿಟ್ಟಿದ್ದರು. ಹಾಡಿದ ಮೂರು ಭಾನುವಾರವೂ ಈ ಹಾಡಿನ ಮೊದಲ ಮಾತು ಬಾಯಿಂದ ಬಿದ್ದದ್ದೇ ತಡ, ಮೈಕು ಸತ್ತುಹೋಗುತ್ತಿತ್ತು.

ಅವಳನ್ನು ಎಲ್ಲರೂ ಬಾಬಿನ್ ಎಂದು ಕರೆಯುತ್ತಿದ್ದರು. ಬಟ್ಟೆ ಫ್ಯಾಕ್ಟರಿಯಲ್ಲಿ ಆರು ವರ್ಷ ಅಕ್ಕನ ಪಕ್ಕದ ಮಿಷಿನ್ನಿನಲ್ಲಿ ಕೂತು ಶರ್ಟಿನ ಕಾಲರ್ ಹೊಲಿದವಳು. ಮಿಷಿನ್ನಿನೊಳಗೆ ಗಿರಗಿರ ತಿರುಗುವ ದಾರದ ಉರುಳೆಯ ಹಾಗೆ, ಕೂತಲ್ಲಿ ಕೂರುವ ಜಾತಿಯಲ್ಲ ಎಂದು ಅಲ್ಲೇ ಬಿದ್ದ ಹೆಸರು. ಈಗ ಮನೆಯಲ್ಲೇ ಹೊಲಿಯುತ್ತಾಳೆ, ಗಿಟಾರ್ ನುಡಿಸುತ್ತಾಳೆ, ಹಾಡು ಕಟ್ಟುತ್ತಾಳೆ. ಬೇಸ್ ಗಿಟಾರ್ ನುಡಿಸುವುದು ಅಕ್ಕನ ಗಂಡ. ಭಾವನವರದು ಫ್ರಿಜ್ ರಿಪೇರಿ ಕೆಲಸ, ಮಾತು ಬಲು ತುಟ್ಟಿ. ಡ್ರಮ್ಸ್ ಬಾರಿಸುವವರು ಹೈಸ್ಕೂಲಿನ ಗಣಿತದ ಮೇಷ್ಟ್ರು. ಮೂರು ಜನ, ಒಂಬತ್ತು ಹಾಡು, ಒಂದರಲ್ಲೂ ಇನ್ನೊಬ್ಬರ ಎಂಜಲಿಲ್ಲ ಎಂಬುದೇ ಅವರ ಜಂಬ.

ಆವತ್ತು ಮಾತ್ರ ಆ ಹಾಡು ಕೊನೆ ಮುಟ್ಟಲೇಬೇಕಿತ್ತು. ಯಾಕೆಂದರೆ ಅಕ್ಕ ಬಂದಿದ್ದಳು. ಅವಳಿನ್ನೂ ಅದೇ ಫ್ಯಾಕ್ಟರಿಯಲ್ಲಿದ್ದಾಳೆ, ಭಾನುವಾರವೂ ಬಿಡುವಿಲ್ಲ. ಈ ಒಂದು ರಜೆಗಾಗಿ ಎರಡು ತಿಂಗಳು ಸೂಪರ್‌ವೈಸರ್ ಹಿಂದೆ ಅಲೆದಿದ್ದಳು. ‘ಅದೇನು ನಿನ್ನ ಅರ್ಧ ಹಾಡು, ಪೂರ್ತಿ ಕೇಳೇ ಹೋಗ್ತೀನಿ’ ಎಂದು ಒಗೆದಿಟ್ಟಿದ್ದ ಸೀರೆ ಉಟ್ಟುಕೊಂಡು ಬಂದು, ಕಂಬದ ಪಕ್ಕದ ಮೇಜಿನಲ್ಲಿ ಒಂದು ಸೂಪು ಮುಂದಿಟ್ಟುಕೊಂಡು ಕೂತಿದ್ದಳು. ಮೂರನೇ ಚರಣದಲ್ಲಿರುವುದು ತಾನೇ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಹಾಡಿ ತೋರಿಸಿದ್ದರೆ ‘ಅದೆಲ್ಲಾ ಈಗ ಯಾಕೆ, ಒಗ್ಗರಣೆ ಸೀದುಹೋಗ್ತಿದೆ ನೋಡು’ ಎಂದು ಬಾಯಿ ಮುಚ್ಚಿಸುತ್ತಿದ್ದಳು. ನಾಲ್ಕು ಜನರ ನಡುವೆ ಕೂರಿಸಿ, ಎದ್ದು ಹೋಗಲಾರದ ಹಾಗೆ ಹಾಡಬೇಕೆಂಬುದು ತಂಗಿಯ ಹಟ. ಭಾವನವರಿಗೆ ವಿಷಯ ಗೊತ್ತಿತ್ತು. ನಾಲ್ಕು ವರ್ಷ ಹೆಂಡತಿಯ ಮುಂದೆ ತುಟಿ ಪಿಟಕ್ಕೆಂದಿರಲಿಲ್ಲ. ಮಹಾನುಭಾವರು.

ಶುರುವಿಗೆ ಮೊದಲೇ ಮ್ಯಾನೇಜರ್ ಬಂದು ನೀತಿ ಹೇಳಿಹೋದರು. ಜನ ಉಣ್ಣಲು ಬರುತ್ತಾರೆ, ಚಮಚದ ಸದ್ದಿಗಿಂತ ಜೋರಾಗಿ ಹಾಡಬೇಡಿ, ಗೊತ್ತಿರುವ ಹಾಡು ಹಾಡಿದರೆ ನಿಮಗೂ ಒಳ್ಳೆಯದು ನಮಗೂ ಒಳ್ಳೆಯದು, ಇವತ್ತೂ ಹೀಗೇ ಆದರೆ ಮುಂದಿನ ತಿಂಗಳಿಂದ ಬೇರೆಯವರನ್ನು ನೋಡಿಕೊಳ್ಳುತ್ತೇವೆ, ಇತ್ಯಾದಿ.

“ಗೊತ್ತಿರೋ ಹಾಡುಗಳೂ ಒಂದು ದಿನ ಯಾರಿಗೂ ಗೊತ್ತಿರ್ಲಿಲ್ಲ ಸಾರ್” ಎಂದಳು ಬಾಬಿನ್. ಮ್ಯಾನೇಜರ್ ಮೂಗು ಮುರಿದು ಹೊರಟುಹೋದರು.

ಅವರಿಗೆ ಕೊಟ್ಟದ್ದು ಕೈ ತೊಳೆಯುವ ಜಾಗದ ಪಕ್ಕದ ಮೂಲೆ. ಹಾಡು ಕೇಳದವರೂ ಹತ್ತಿರ ಬರುತ್ತಿದ್ದರು, ಕೈ ತೊಳೆಯಲು. ಆ ಮೂಲೆಯ ಪ್ಲಗ್ಗಿಗೇ ಜ್ಯೂಸಿನ ಮಿಕ್ಸಿಯನ್ನೂ ಸಿಕ್ಕಿಸಿದ್ದರು. ಯಾರಾದರೂ ಹಣ್ಣಿನ ರಸ ಬೇಕೆಂದ ಕೂಡಲೇ ಸ್ಪೀಕರ್ ಗುಂಯ್ಯೆನ್ನುತ್ತಿತ್ತು. ಮೊದಲ ಹಾಡಿಗೆ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ನೋಡಿದರೆ ಮಾಣಿಯನ್ನು ಕರೆಯಲು. ಎರಡನೆಯದಕ್ಕೆ ಒಂದು ಚೀಟಿ ಬಂತು: ಫ್ಯಾನು ಜೋರು ಮಾಡಿ. ಮೂರನೆಯದಕ್ಕೆ ಏನೂ ಬರಲಿಲ್ಲ. ಬಾಬಿನ್‌ಗೆ ಪಿತ್ತ ನೆತ್ತಿಗೇರುತ್ತಿತ್ತು, ಆದರೂ ಹಲ್ಲು ಕಚ್ಚಿಕೊಂಡು ಅಕ್ಕನ ಕಡೆಗೇ ನೋಡುತ್ತಾ ಹಾಡಿದಳು. ಅಕ್ಕ ಸೂಪು ಮುಟ್ಟಿರಲಿಲ್ಲ.

ನಾಲ್ಕನೆಯದು, ಕೊನೆಯದು. ಮೇಷ್ಟ್ರು ಕಡ್ಡಿಗೆ ಕಡ್ಡಿ ತಟ್ಟಿ ಎಣಿಸಿದರು. ಭಾವನವರು ತಂತಿ ಮೀಟಿದರು.

‘ನಿಲ್ಲಿಸಿ...’ ಎಂದು ಎತ್ತಿಕೊಂಡಳು ಬಾಬಿನ್. ಮೈಕು ಸತ್ತಿತು. ಮರುಕ್ಷಣವೇ ಗೋಡೆಯ ಸ್ಪೀಕರಿನಿಂದ ಹೋಟೆಲಿನವರ ರೆಕಾರ್ಡು ಹಾಡು ಶುರುವಾಯಿತು.

ಭಾವನವರು ವೈರು ಹಿಡಿದು ನೋಡಲು ಬಗ್ಗಿದರು. ಮೂರು ಭಾನುವಾರದಿಂದ ನೋಡುತ್ತಲೇ ಇದ್ದರು, ದೋಷವೆಂಬುದು ಜಪ್ಪಯ್ಯ ಅಂದರೂ ಸಿಕ್ಕಿರಲಿಲ್ಲ. ಬಾಬಿನ್ ಕಾಯಲಿಲ್ಲ. ಗಿಟಾರನ್ನು ಕೊರಳಲ್ಲಿ ಹಾಕಿಕೊಂಡೇ ದಡದಡನೆ ಸ್ವಿಚ್ ಬೋರ್ಡಿನ ಬಳಿ ಕೂತಿದ್ದ ಹೋಟೆಲಿನ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಪ್ರತಿ ಸಲ ಇದೇ ಹಾಡಿಗೆ ಯಾಕೆ ಹೀಗಾಗುತ್ತೆ ಎಂದು ಜೋರು ಮಾಡಿದಳು. ಆತ ಕಕ್ಕಾಬಿಕ್ಕಿಯಾದ. ಗೋಡೆಗೆ ಅಂಟಿಸಿದ್ದ ಕಾಗದ ತೋರಿಸಿದ. ಮೇಷ್ಟ್ರ ದುಂಡು ಅಕ್ಷರದಲ್ಲಿ ಬರೆದ ಹಾಡಿನ ಪಟ್ಟಿ. ಮೇಷ್ಟ್ರದು ಮಿತವ್ಯಯದ ಕೈ, ಯಾವ ಹಾಡಿಗೂ ಒಂದು ಪದಕ್ಕಿಂತ ಹೆಚ್ಚು ಬರೆಯುವವರಲ್ಲ.

೧. ಕಿಟಕಿ. ೨. ಸಂಬಳ. ೩. ಮೆಟ್ಟಿಲು. ೪. ನಿಲ್ಲಿಸಿ.

“ನೀವೇ ಬರ್ಕೊಟ್ಟಿದೀರಲ್ಲಮ್ಮಾ, ಮೂರು ಆದ್ಮೇಲೆ ನಿಲ್ಲಿಸಿ ಅಂತ” ಎಂದ ಆತ. “ಮೈಕಲ್ಲೂ ನೀವೇ ಬಾಯ್ಬಿಟ್ಟು ನಿಲ್ಲಿಸಿ ಅಂತೀರಿ. ನಾನು ಒಂದು ಸಲಾನೂ ತಡ ಮಾಡಿಲ್ಲ.”

ಬಾಬಿನ್ ಆ ಕಾಗದವನ್ನು ಇನ್ನೊಮ್ಮೆ ಓದಿದಳು. ಮೂರು ತಿಂಗಳು ಮಿಕ್ಸಿಗೆ ಶಾಪ ಹಾಕಿದ್ದಳು, ಮ್ಯಾನೇಜರನ ಕಿತಾಪತಿ ಎಂದು ಮನೆಯಲ್ಲಿ ಹಾರಾಡಿದ್ದಳು. ಇಲ್ಲಿ ನೋಡಿದರೆ ಈ ಪುಣ್ಯಾತ್ಮ, ಇಡೀ ಹೋಟೆಲಿನಲ್ಲಿ ತಮ್ಮ ಮಾತಿಗೆ ಬೆಲೆ ಕೊಟ್ಟ ಒಬ್ಬನೇ ಮನುಷ್ಯ. ಬೈಯಲು ಬಂದವಳಿಗೆ ನಗು ಉಕ್ಕಿತು. ಅದು ಹಾಡಿನ ಹೆಸರಪ್ಪಾ, ಮೈಕು ಹಾಕು ಎಂದಳು.

ಅಷ್ಟರಲ್ಲಿ ಮ್ಯಾನೇಜರ್ ಹಾಜರು. ಮೈಕು ಬೇಡ, ರೆಕಾರ್ಡಿನ ಹಾಡನ್ನು ಜನ ಖುಷಿಯಿಂದ ಕೇಳುತ್ತಿದ್ದಾರೆ, ಸಾಮಾನು ಕಟ್ಟಿಕೊಳ್ಳಿ ಎಂದರು. ಒಂದೇ ಹಾಡು, ಐದು ನಿಮಿಷ ಎಂದು ಮೇಷ್ಟ್ರು ಕೈಮುಗಿದರು. ನಲವತ್ತು ಮಕ್ಕಳನ್ನು ಕಣ್ಣಲ್ಲೇ ಕೂರಿಸುವ ಮೇಷ್ಟ್ರು ಹಾಗೆ ಕೈಮುಗಿದದ್ದನ್ನು ಕಂಡು ಬಾಬಿನ್ ಅವರ ಕೈ ಹಿಡಿದು ಕೆಳಗಿಳಿಸಿದಳು.

ಮ್ಯಾನೇಜರ್ ಗಟ್ಟಿಯಾಗಿಯೇ ಹೇಳಿದರು. “ಒಂದು ಸಲ ಹೇಳಿದ್ರೆ ಅರ್ಥ ಆಗಲ್ವಾ? ನಿಲ್ಲಿಸಿ.”

ಚಮಚಗಳು ತಡೆದವು. ಹತ್ತಾರು ಮುಖ ಇತ್ತ ತಿರುಗಿದವು. ಮೂರು ತಿಂಗಳಲ್ಲಿ ಅವರ ಕಡೆ ಇಷ್ಟು ಜನ ನೋಡಿದ್ದು ಅದೇ ಮೊದಲು. ಬಾಬಿನ್ ಸಭೆಯ ಕಡೆ ತಿರುಗಿದಳು.

“ಮ್ಯಾನೇಜರ್ ಸಾಹೇಬ್ರು ‘ನಿಲ್ಲಿಸಿ’ ಬೇಕು ಅಂತ ಕೇಳ್ತಿದಾರೆ. ಅದು ನಮ್ಮದೇ ಹಾಡು. ಹಾಡ್ತೀವಿ.”

ಎಲೆಕ್ಟ್ರಿಷಿಯನ್ ಯಾರ ಮುಖವನ್ನೂ ನೋಡದೆ ರೆಕಾರ್ಡಿನ ಸ್ವಿಚ್ಚು ಆರಿಸಿದ.

ಮೈಕಿಲ್ಲ. ಕರೆಂಟಿಲ್ಲದೆ ಭಾವನವರ ಬೇಸ್ ಗಿಟಾರಿಗೆ ದನಿಯಿಲ್ಲ. ಅದನ್ನು ಗೋಡೆಗೊರಗಿಸಿ, ಖಾಲಿ ಮೇಜೊಂದರ ಮೇಲೆ ಅಂಗೈಯಿಂದ ತಾಳ ಹಾಕಿದರು. ಬಾಬಿನ್ ಮೇಜುಗಳ ನಡುವೆ ನಿಂತು ಬರೀ ಗಂಟಲಲ್ಲಿ ಹಾಡಿದಳು. ಮೊದಲ ಚರಣ: ಊಟದ ಗಂಟೆಗೆ ‘ನಿಲ್ಲಿಸಿ’ ಎಂಬ ಕೂಗು, ಇಡೀ ದಿನದಲ್ಲಿ ಕಿವಿಗೆ ಇಂಪಾದ ಒಂದೇ ಮಾತು. ಎರಡನೆಯದು: ಮಿಷಿನ್ನುಗಳು ನಿಂತ ಮೌನದಲ್ಲಿ ತನ್ನದೇ ಗುನುಗು ತನಗೆ ಕೇಳಿಸಿ ಬೆಚ್ಚಿದ ಹುಡುಗಿ. ಮ್ಯಾನೇಜರ್ ಕೈ ಬೀಸುತ್ತಾ ಮುಂದೆ ಬಂದರು. ಆದರೆ ಮೇಜಿನವರು ನೋಡುತ್ತಿದ್ದರು. ಗಿರಾಕಿಗಳೆದುರು ಹಾಡುವವಳ ಬಾಯಿಗೆ ಕೈ ಅಡ್ಡ ಇಡುವುದಾದರೂ ಹೇಗೆ? ಅವರು ಗಂಟುಮುಖದಲ್ಲಿ ನಿಂತರು. ಹಾಡು ಅವರನ್ನು ದಾಟಿ ಮೂರನೇ ಚರಣಕ್ಕೆ ಹೋಯಿತು.

*ನಿಲ್ಲಿಸಿ ಅಂದರು, ಕರೆಂಟು ತೆಗೆದರು,*
*ಅಕ್ಕನ ಕೈ ಮಾತ್ರ ನಿಲ್ಲಲಿಲ್ಲ.*
*ಜ್ವರದ ತಂಗಿಯ ಪಾಲಿನ ಹನ್ನೊಂದು ಕಾಲರು,*
*ಚಕ್ರ ಕೈಲೇ ತಿರುಗಿಸಿ ಹೊಲಿದಳಲ್ಲ,*
*ಊಟಕ್ಕೇಳಲಿಲ್ಲ.*

ಮುಗಿಯಿತು. ಕೊನೆಯ ಸಾಲಿಗೆ ಅವಳ ಗಂಟಲು ಒಡೆದಿತ್ತು, ಅದರ ಗೊಡವೆ ಅವಳಿಗಿರಲಿಲ್ಲ. ಕಿಟಕಿ ಪಕ್ಕದ ಮುದುಕಿಯೊಬ್ಬಳು ಚಪ್ಪಾಳೆ ತಟ್ಟಿದಳು, ಕೈ ತೊಳೆಯಲು ನಿಂತಿದ್ದ ಇಬ್ಬರು ಒದ್ದೆ ಕೈಯಲ್ಲೇ ತಟ್ಟಿದರು. ಮಾಣಿ ಬರಲಿಲ್ಲ. ಅದು ಅವನಿಗಲ್ಲವೆಂದು ಅವನಿಗೂ ತಿಳಿದಿತ್ತು. ಮುಂದಿನ ತಿಂಗಳು ಇತ್ತ ತಲೆ ಹಾಕಬೇಡಿ ಎಂದರು ಮ್ಯಾನೇಜರ್. ಆಗಲಿ ಎಂದಳು ಬಾಬಿನ್. ಅವಳ ಕಣ್ಣು ಕಂಬದ ಪಕ್ಕದ ಮೇಜಿನ ಮೇಲಿತ್ತು.

ಅಕ್ಕ ಸೆರಗಿನಿಂದ ಒಮ್ಮೆ ಕಣ್ಣೊರೆಸಿಕೊಂಡಳು. ಗಂಡನ ಕಡೆ, ನಿಮ್ಮನ್ನು ಮನೆಯಲ್ಲಿ ವಿಚಾರಿಸಿಕೊಳ್ತೀನಿ ಎಂಬಂತೆ ನೋಡಿದಳು. ಆಮೇಲೆ ತಂಗಿಯನ್ನು ಗದರಿಕೊಂಡಳು.

“ಹನ್ನೊಂದಲ್ಲ ಕಣೇ. ಹದಿನಾಲ್ಕು ಕಾಲರ್. ಹಾಡು ಅಂತ ಬಾಯಿಗೆ ಬಂದಿದ್ದು ಹೇಳ್ತೀಯಾ?”

ಮೇಷ್ಟ್ರು ಡ್ರಮ್ಸಿನ ಹಿಂದೆ ಕೂತು ಬೆರಳು ಮಡಚಿದರು: ಹನ್ನೊಂದು, ಹದಿನಾಲ್ಕು.

“ಎರಡಕ್ಕೂ ಐದೇ ಮಾತ್ರೆ. ತಾಳಕ್ಕೆ ಕೂರುತ್ತೆ” ಎಂದರು.

“ಹಾಗಾದ್ರೆ ಸರಿಯಾಗಿ ಹಾಡು” ಎಂದಳು ಅಕ್ಕ, ಮ್ಯಾನೇಜರ್ ನಿಂತಿದ್ದಾರೆಂಬುದನ್ನೂ ಲೆಕ್ಕಿಸದೆ. “ಮೊದಲಿಂದ.”

ಮೇಷ್ಟ್ರು ಕಡ್ಡಿಗೆ ಕಡ್ಡಿ ತಟ್ಟಿದರು. ಅಕ್ಕ ಕೊನೆಗೂ ಸೂಪಿನ ಬಟ್ಟಲಿಗೆ ಚಮಚ ಹಾಕಿದಳು. ಅದು ಆರಿ ತಣ್ಣಗಾಗಿತ್ತು.