ದಾಣಾ ಮಶೀನಿನ ಮೂಗು

ನಮ್ಮ ಮಿಸ್ತ್ರಿ ನದೀಮಣ್ಣನ ಮೂಗು ಸತ್ತಿದೆ ಎಂಬುದು ಕಾರ್ಖಾನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅದನ್ನು ಯಾರಿಗೂ ಹೇಳದೆ ಓಡಾಡುವುದೆಂದರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ.

ಹುಮನಾಬಾದಿನ ಈ ಕಾರ್ಖಾನೆಯಲ್ಲಿ ಹಳೆಯ ಪ್ಲಾಸ್ಟಿಕ್ ಕರಗಿಸಿ ದಾಣಾ ಮಾಡುತ್ತೇವೆ. ಕರಗಿದ್ದು ಮಶೀನಿನಿಂದ ಶಾವಿಗೆಯಂತೆ ಇಳಿದು, ನೀರಿನ ತೊಟ್ಟಿಯಲ್ಲಿ ಗಟ್ಟಿಯಾಗಿ, ಕೊನೆಗೆ ಜೋಳದಷ್ಟು ಸಣ್ಣ ಕಾಳಾಗಿ ಉದುರುತ್ತದೆ. ಆದರೆ ಯಾವ ಚೀಲ ಮಶೀನಿಗೆ ಹೋಗಬೇಕೆಂದು ಹೇಳುವುದು ಮಿಸ್ತ್ರಿಯ ಮೂಗು. ಒಂದು ಚೂರು ಸುಟ್ಟು ಮೂಸಬೇಕು. ಮೇಣಬತ್ತಿಯ ವಾಸನೆ ಬಂದರೆ ಸರಿ. ಮೂಗಿಗೆ ಚುಚ್ಚಿದರೆ ಅದು ಪಿವಿಸಿ ಎಂಬ ಬೇರೆ ಜಾತಿಯ ಪ್ಲಾಸ್ಟಿಕ್. ಅದು ಮಶೀನಿನೊಳಗೆ ಹೋದರೆ ಎದೆ ಸುಡುವ ಹೊಗೆ ಎದ್ದು ಸುತ್ತ ನಿಂತವರ ಕಥೆ ಮುಗಿದಂತೆ.

ನನಗೆ ಕೆಲಸ ಕಲಿಸಿದವನೇ ನದೀಮಣ್ಣ. ಅವನಿಗೆ ಜ್ವರ ಬಂದು ಹೋದ ಮೇಲೆ ಒಂದು ದಿನ ತೊಟ್ಟಿಯ ಹಿಂದೆ ಇಲಿ ಸತ್ತಿತ್ತು. ನಾವೆಲ್ಲ ಮೂಗಿಗೆ ಸೆರಗೊತ್ತಿ ಹೊರಗೋಡಿದರೆ ಈ ಪುಣ್ಯಾತ್ಮ ಅಲ್ಲೇ ಕೂತು ರೊಟ್ಟಿ ಮುರಿಯುತ್ತಿದ್ದ. ಉಳಿದವರು ನಕ್ಕು ಬಿಟ್ಟರು; ಅವನಿಗೆ ವಾಸನೆಯೇ ಬರುತ್ತಿಲ್ಲವೆಂದು ನನಗೆ ಹೊಳೆಯಿತು. ಬಾಯಿಬಿಟ್ಟರೆ ಆತನ ಕೆಲಸ ಹೋಗಿ, ಆ ಜಾಗಕ್ಕೆ ಮಾಲಕರ ಭಾಮೈದ ಉತ್ತಮ ಬರುತ್ತಾನೆ. ಅವನಿಗೆ ಹೆಂಗಸರನ್ನು ಬೈಯದಿದ್ದರೆ ಉಂಡದ್ದು ಕರಗುವುದಿಲ್ಲ. ಅಂದಿನಿಂದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಕದ್ದು ಚೂರು ಸುಟ್ಟು, ಕೆಟ್ಟ ಚೀಲಗಳನ್ನು ಹಿಂದೆ ತಳ್ಳುವುದೇ ನನ್ನ ಪಾಡಾಯಿತು. ಕಣ್ಣು ಮುಚ್ಚಿದರೂ ಚೀಲಗಳೇ.

ಇವತ್ತು ಬಸವಕಲ್ಯಾಣದ ಗುಜರಿ ಲಾರಿ ಮಧ್ಯಾಹ್ನ ಬಂತು. ಮಾಲಕ ವೈಜಿನಾಥರು ಅವಸರ ಮಾಡಿ ಒಂದು ಚೀಲವನ್ನು ಸೀದಾ ಮಶೀನಿನ ಬಳಿಗೇ ತರಿಸಿದರು. ನಾನು ದೂರದಲ್ಲಿ ಹಳೆಯ ಪೈಪುಗಳನ್ನು ಬೇರ್ಪಡಿಸುತ್ತಿದ್ದೆ. ನದೀಮಣ್ಣ ಚೂರು ಸುಟ್ಟ, ಮೂಸಿದ, ತಲೆಯಾಡಿಸಿದ.

"ಹಾಕ್ರಿ."

ಅಷ್ಟು ದೂರಕ್ಕೆ ವಾಸನೆ ಎಲ್ಲಿ ಬರಬೇಕು? ನನಗೆ ಬಂದದ್ದು ಭಯ. ಹೇಳಿದರೆ ಆತನ ಅನ್ನ, ಹೇಳದಿದ್ದರೆ ಎಲ್ಲರ ಉಸಿರು.

"ಬ್ಯಾಡ! ನಿಂದರ್ರಿ!" ಎಂದು ಕಿರುಚುತ್ತ ಓಡಿದೆ. ಅದೇ ಚೀಲದ ಇನ್ನೊಂದು ಚೂರು ಸುಟ್ಟೆ. ಮೂಗು ಚುಚ್ಚಿ ಕಣ್ಣಲ್ಲಿ ನೀರು ಬಂತು.

"ನದೀಮ್, ನಿನಗ ತಿಳೀಲಿಲ್ಲೇನು?" ಎಂದರು ಮಾಲಕರು.

ನದೀಮಣ್ಣ ನೆಲ ನೋಡಿದ. "ಜ್ವರ ಬಂದಾಗಿಂದ ವಾಸನಿ ಬರವಲ್ತರಿ."

ಮಾಲಕರ ಕೈ ಫೋನಿಗೆ ಹೋಯಿತು. ಉತ್ತಮನಿಗೇ ಇರಬೇಕು. ನನಗೆ ಸಿಟ್ಟು ನೆತ್ತಿಗೇರಿತು.

"ಎರಡು ತಿಂಗಳಿಂದ ನಾ ಮೂಸಾಕತ್ತೀನಿ, ಅವರು ಮಶೀನ್ ನಡಸಾಕತ್ತಾರ. ಯಾವ ದಾಣಾ ಕೆಟ್ಟದ, ತೋರಸ್ರಿ!"

ಮಾಲಕರು ನನ್ನನ್ನೂ ದಾಣಾದ ರಾಶಿಯನ್ನೂ ನೋಡಿದರು. "ಹಂಗಾದ್ರ ಇನ್ನ ಮಶೀನಿಗೆ ಇಬ್ಬರೂ ಕೂಡೇ ನಿಂದರ್ರಿ," ಎಂದು ಗೊಣಗಿ ಫೋನು ಜೇಬಿಗಿಟ್ಟರು.

ಗೆದ್ದ ಹುರುಪಿನಲ್ಲಿ ನದೀಮಣ್ಣನ ಕಡೆ ತಿರುಗಿದೆ. ಆತ ಚೀಲದ ಮೇಲೆ ಕೈಯಿಟ್ಟು ಕೇಳಿದ.

"ಸರಿತಾ, ನಿನಗ ಮೊದಲಿಂದ ಗೊತ್ತಿತ್ತಾ?"

"ಹೌದ್ರಿ."

"ದಿನಾ 'ಹಾಕ್ರಿ' ಅಂದಾಗೊಮ್ಮೆ, ಯಾ ಅಲ್ಲಾ, ಇವತ್ತ ಯಾರನ್ನ ಕೊಲ್ಲಾಕತ್ತೇನೋ ಅಂತ ನಿಂತೀನಿ. ನನಗ ಒಂದ ಮಾತು ಹೇಳಬಾರದಿತ್ತಾ ತಂಗಿ?"

ನೀವಾದರೂ ಹೇಳಿದಿರಾ ಎಂದು ಕೇಳಬೇಕೆಂದುಕೊಂಡೆ. ಬದಲಿಗೆ ಇಬ್ಬರೂ ಆ ಹಾಳು ಚೀಲದ ಪಕ್ಕದಲ್ಲಿ ಅಳುತ್ತ ನಿಂತೆವು.