ಎರಡು ಬೆರಳು ಜಾಸ್ತಿ

ಆ ಮನೆಯ ಮೋಟಾರ್ ಸೈಕಲ್ಲಿಗೆ ‘ಸವತಿ’ ಎಂದು ಹೆಸರಿಟ್ಟವಳು ಹೊಲಿಗೆಯವಳೇ. ಉದ್ದನೆಯ ಮೈ, ತಗ್ಗಿದ ಸೀಟು, ಎಮ್ಮೆಯ ಕೊಂಬಿನ ಹಾಗೆ ಹಿಂದಕ್ಕೆ ಬಾಗಿದ ಹ್ಯಾಂಡಲ್ಲು ಇದ್ದ ಆ ಕ್ರೂಸರ್ ಗಾಡಿಯನ್ನು ಹದಿನೆಂಟು ವರ್ಷದ ಹಿಂದೆ ಗಂಡ ತಂದು ಬಾಗಿಲಲ್ಲಿ ನಿಲ್ಲಿಸಿದಾಗ, ಇನ್ನು ಮೇಲೆ ನಿಮ್ಮ ಊಟ ತಿಂಡಿಯನ್ನೂ ಇವಳೇ ನೋಡಿಕೊಳ್ಳಲಿ ಎಂದು ಮೂತಿ ತಿರುವಿದ್ದಳು. ಪ್ರತಿ ಭಾನುವಾರ ಅವನು ಅದನ್ನು ಕೂಸಿಗೆ ಎರೆದ ಹಾಗೆ ತೊಳೆದು, ಸಂದುಗೊಂದಿನಲ್ಲೆಲ್ಲ ಬಟ್ಟೆ ತೂರಿಸಿ ಒರೆಸುವಾಗ, ತನ್ನ ಬೆನ್ನು ಒಂದು ದಿನವಾದರೂ ಹೀಗೆ ಉಜ್ಜಿದ್ದುಂಟೇ ಎಂದು ಕಿಟಕಿಯಿಂದಲೇ ಚುಚ್ಚುತ್ತಿದ್ದಳು. ಅವನು ನಗುತ್ತಿದ್ದ. ಒಂದು ಸುತ್ತು ಹೋಗಿ ಬಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, “ಕೇಳಿಲ್ಲಿ” ಎಂದು ಶುರು ಮಾಡುತ್ತಿದ್ದ. ದಾರಿಯಲ್ಲಿ ಕಂಡ ಜಗಳ, ಸೇತುವೆಯ ಮೇಲೆ ನಿದ್ದೆ ಹೋಗಿದ್ದ ನಾಯಿ, ಕೆಟ್ಟು ನಿಂತ ಲಾರಿ, ಏನಾದರೊಂದು. ಆ “ಕೇಳಿಲ್ಲಿ” ಎನ್ನುವುದಕ್ಕೆ ಬಾಲ ಎಷ್ಟುದ್ದ ಬೆಳೆಯುತ್ತದೋ ಹೇಳಲಿಕ್ಕಾಗುತ್ತಿರಲಿಲ್ಲ. ಒಲೆಯ ಮೇಲಿನದು ಎಷ್ಟೋ ಸಲ ತಳ ಹಿಡಿದಿತ್ತು.

ಈಗ ಆ ಮಾತು ಕಿವಿಗೆ ಬಿದ್ದು ಎಂಟು ತಿಂಗಳಾಗಿತ್ತು.

ಗಂಡ ಲಿಫ್ಟ್ ರಿಪೇರಿಯವನು. ಒಂದು ಕಟ್ಟಡದ ಲಿಫ್ಟ್ ಗುಂಡಿಯೊಳಗೆ ಏಣಿಯಿಂದ ಜಾರಿ ಬಿದ್ದು ಬೆನ್ನಿಗೆ ಏಟಾಯಿತು. ಆಪರೇಷನ್ ಆಗಿ ಬೆನ್ನು ನೆಟ್ಟಗಾಯಿತು, ಆದರೆ ಎಡಗಾಲಿನ ಪಾದ ಮಾತ್ರ ಹೇಳಿದ ಮಾತು ಕೇಳದಾಯಿತು. ಕೆಳಕ್ಕೆ ಒತ್ತು ಎಂದರೆ ಒತ್ತುತ್ತಿತ್ತು. ಮೇಲಕ್ಕೆ ಎತ್ತು ಎಂದರೆ ಇಲ್ಲ. ನಡೆಯುವಾಗ ಟಪ್ ಟಪ್ ಎಂದು ನೆಲಕ್ಕೆ ಬಡಿಯುತ್ತಿತ್ತು. ಗಾಡಿ ಓಡಿಸಬಹುದೇ ಎಂದು ಕೇಳಿದಾಗ ಡಾಕ್ಟರು ಬೇಡ ಎಂದಿರಲಿಲ್ಲ, ಗೇರು ಹೇಗೆ ಹಾಕುತ್ತೀರಿ ಎಂದು ಮಾತ್ರ ಕೇಳಿದ್ದರು. ಅದೇ ತೊಡಕು. ಮೊದಲನೇ ಗೇರಿಗೆ ಎಡಪಾದದ ಮುಂದಿನ ಗೇರುಕಡ್ಡಿಯನ್ನು ಕೆಳಕ್ಕೆ ಒತ್ತಿದರೆ ಸಾಕು. ಅಲ್ಲಿಂದಾಚೆಗೆ ಪ್ರತಿ ಗೇರಿಗೂ ಹೆಬ್ಬೆರಳನ್ನು ಅದರ ಅಡಿಗೆ ತೂರಿಸಿ ಮೇಲಕ್ಕೆ ಎತ್ತಬೇಕು.

ನಾಲ್ಕನೇ ತಿಂಗಳಲ್ಲಿ ಒಮ್ಮೆ ಹಟಕ್ಕೆ ಬಿದ್ದು ಹೊರಟಿದ್ದ. ಮೊದಲನೇ ಗೇರಿನಲ್ಲೇ ಗಾಡಿ ಕಿರುಚಿಕೊಂಡು ಬೀದಿಯ ಕೊನೆವರೆಗೆ ಹೋಯಿತು. ಎರಡನೆಯದು ಬೀಳಲಿಲ್ಲ. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನೋಡುತ್ತಿರುವಾಗ ತಳ್ಳಿಕೊಂಡು ವಾಪಸ್ ಬಂದ. ಬಂದವನೇ ಒಂದು ಹಳೆಯ ಪರದೆ ಬಟ್ಟೆ ಕೇಳಿ ಇಸಿದುಕೊಂಡು ಗಾಡಿಗೆ ಹೊದಿಸಿದ. ಕಂಪನಿಯವರು ಅವನನ್ನು ಟೇಬಲ್ಲಿನ ಮುಂದೆ ಕೂರಿಸಿದ್ದರು. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರ ಫೋನು ಎತ್ತಿ ಧೈರ್ಯ ಹೇಳುವ ಕೆಲಸ. ಇದ್ದ ಮಾತನ್ನೆಲ್ಲ ಅಲ್ಲೇ ಖರ್ಚು ಮಾಡಿ ಬಂದವನ ಹಾಗೆ ಮನೆಯಲ್ಲಿ ಬಾಯಿಗೆ ಹೊಲಿಗೆ ಹಾಕಿಕೊಂಡು ಕೂರುತ್ತಿದ್ದ.

ಒಂದು ಭಾನುವಾರ ತಟ್ಟೆಯಿಂದ ತಲೆ ಎತ್ತದೆ, ಗಾಡಿ ಮಾರುತ್ತೇನೆ ಎಂದ. ಅವನ ಕಂಪನಿಯ ಗೋದಾಮಿನ ಸಾಹೇಬರು ಮುಂದಿನ ಭಾನುವಾರ ಹನ್ನೊಂದಕ್ಕೆ ಬಂದು ನೋಡುತ್ತಾರಂತೆ.

“ಸವತಿ ಹೋಗ್ತಾಳಲ್ಲ, ಸಂತೋಷ ಪಡು” ಎಂದಳು ಅತ್ತೆ, ಸೊಸೆಯನ್ನು ಕೆಣಕಲಿಕ್ಕೆ.

ಹೊಲಿಗೆಯವಳು ಸಂತೋಷವನ್ನು ಹುಡುಕಿ ನೋಡಿದಳು. ಎಲ್ಲೂ ಸಿಗಲಿಲ್ಲ. ಗಾಡಿ ಹೋದರೆ ಹೋಗಲಿ, ಕಬ್ಬಿಣ. ಅದರ ಹಿಂದೆಯೇ ಆ “ಕೇಳಿಲ್ಲಿ” ಕೂಡ ಹೊರಟುಹೋಗುತ್ತದೆ, ಆಮೇಲೆ ಅದನ್ನು ಯಾವ ಅಂಗಡಿಯಲ್ಲಿ ಕೊಂಡು ತರುವುದು ಎಂಬುದೇ ಅವಳಿಗೆ ಹತ್ತಿದ ಚಿಂತೆ.

ಮರುದಿನ ಸಂಜೆ ಅವಳ ಹೊಲಿಗೆ ಯಂತ್ರದ ಮೋಟರು ಸುಟ್ಟಿತು. ಯಾರದೋ ದಪ್ಪ ಪರದೆಗಳನ್ನು ಬೆಳಗಾಗುವಷ್ಟರಲ್ಲಿ ಕೊಡಬೇಕಿತ್ತು. ಮೂಲೆಯಲ್ಲಿದ್ದ ಕಾಲುಯಂತ್ರದ ಮೇಲಿನ ಸಾಮಾನು ಇಳಿಸಿ, ಬೆಲ್ಟು ಹಾಕಿ ಕೂತಳು. ಅಷ್ಟು ಭಾರದ ಬಟ್ಟೆ ಹಿಡಿಯುವುದಕ್ಕೂ ತುಳಿಯುವುದಕ್ಕೂ ಒಬ್ಬಳಿಂದಾಗಲಿಲ್ಲ. ಗಂಡ ತಾನೇ ಎದ್ದು ಬಂದು ಸ್ಟೂಲಿನ ಮೇಲೆ ಕೂತು ತುಳಿಯತೊಡಗಿದ. ಅವಳು ನಿಂತುಕೊಂಡು ಬಟ್ಟೆ ತಳ್ಳಿದಳು. ಎರಡು ಪರದೆ ಮುಗಿದ ಮೇಲೆ ಬಾಬಿನ್ನಿನ ದಾರ ಮುಗಿಯಿತು, ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಬಲಗಾಲು ನೋಯುತ್ತಿದೆ ಎಂದು ಅವನು ಎಡಗಾಲೊಂದರಲ್ಲೇ ತುಳಿಯುತ್ತಿದ್ದ. ಮುಂಗಾಲಿನಿಂದ ಒಂದು ಒತ್ತು, ಹಿಮ್ಮಡಿಯಿಂದ ಒಂದು ಒತ್ತು. ಎತ್ತುವ ಮಾತೇ ಇಲ್ಲ. ಆ ಹಲಗೆಯ ಮೇಲೆ ಅವನ ಪಾದದಲ್ಲಿ ಒಂದು ಕೊರತೆಯೂ ಕಾಣಲಿಲ್ಲ.

ಮಂಗಳವಾರ ಅವಳು ಪಳಪಳನ ಅಂಗಡಿಗೆ ಹೋದಳು. ಮೋಟಾರ್ ಸೈಕಲ್ಲುಗಳಿಗೆ ಒಡವೆ ವಸ್ತ್ರ ಮಾರುವ ಅಂಗಡಿ ಎಂದರೆ ಸರಿಹೋದೀತು. ಗೋಡೆ ತುಂಬ ಮಿರಮಿರ ಮಿಂಚುವ ಕೊಳವೆಗಳು, ದೀಪಗಳು, ಕನ್ನಡಿಗಳು. ಅವುಗಳ ನಡುವೆ ಅಷ್ಟೇ ಮಿಂಚುವ ಬೋಳುತಲೆಯ ಅಂಗಡಿಯವನು. ಅದಕ್ಕೇ ಆ ಹೆಸರು. ಇಂಥ ಗಾಡಿ ಎಂದು ಹೇಳಿದ್ದೇ ತಡ, ಅವನು ಬಿದ್ದರೆ ಕಾಲು ಕಾಯುವ ಗಾರ್ಡು, ಎದೆಗೆ ಗಾಳಿ ಬಡಿಯದಂಥ ಗಾಜು, ಕುಚ್ಚು ಬಿಟ್ಟ ಚರ್ಮದ ಚೀಲ ಎಲ್ಲವನ್ನೂ ಇಳಿಸಿ ಹರಡಿದ. ಹಿಂದೆ ಕೂರುವವರಿಗೆ ಒರಗು ಬೇಕೇ ಬೇಕು ಎಂದು ಕರೀ ಮೆತ್ತೆಯ ಒಂದು ಒರಗನ್ನು ಅವಳ ಕೈಗೇ ಕೊಟ್ಟ. ಅವಳು ಅಭ್ಯಾಸಬಲದಿಂದ ಅದರ ಹೊಲಿಗೆ ತಿರುವಿ ನೋಡಿದಳು. ಚೆನ್ನಾಗಿಯೇ ಇತ್ತು. ಇನ್ನೊಂದು ಗಳಿಗೆ ಕೈಯಲ್ಲಿಟ್ಟುಕೊಂಡು, ಕೆಳಗಿಟ್ಟಳು.

“ಮೂಗಿಗಿಂತ ಮೂಗುತಿ ಭಾರ ಆಗೋದು ಬೇಡಪ್ಪ. ನನಗೆ ಬೇಕಾಗಿರೋದು ಒಂದೇ” ಎಂದು, ಚೀಲದಿಂದ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಅವನ ಮೇಜಿನ ಮೇಲೆ ಕಾಲುಯಂತ್ರದ ಹಲಗೆ ಬರೆದು ತೋರಿಸಿದಳು. ಗಂಡನ ಪಾದದ ಕಥೆ ಹೇಳಿದಳು.

ಪಳಪಳ ಮಾರುವುದನ್ನು ನಿಲ್ಲಿಸಿದ. ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ, ಧೂಳು ಹಿಡಿದ ಡಬ್ಬವೊಂದನ್ನು ತಂದ. ಅದರಲ್ಲಿ ಪಾದ ಪೂರ್ತಿ ಊರುವಂಥ ಎರಡು ಕಾಲುಹಲಗೆ, ಮತ್ತು ತಕ್ಕಡಿಯ ದಂಡಿಗೆಯಂತೆ ಹಿಂದಕ್ಕೂ ಮುಂದಕ್ಕೂ ತೋಳು ಚಾಚಿದ ಗೇರುಕಡ್ಡಿ.

“ಬೆರಳಲ್ಲಿ ಮುಂದೆ ಒತ್ತಿದ್ರೆ ಗೇರು ಇಳಿಯುತ್ತೆ, ಹಿಮ್ಮಡಿಯಲ್ಲಿ ಹಿಂದೆ ಒತ್ತಿದ್ರೆ ಏರುತ್ತೆ” ಎಂದ. “ಆಡಂಬರದ ಜನ ಇದನ್ನ ಕೇಳೋದೇ ಇಲ್ಲ, ಅಕ್ಕಾ. ಶೂ ಪಾಲಿಶ್ ಹಾಳಾಗಬಾರದು ಅನ್ನೋರಿಗೆ ಅಂತ ತರಿಸಿದ್ದೆ.”

ಹಿಂದಿನ ತೋಳನ್ನು ಮಾತ್ರ ಪಾದದ ಅಳತೆಗೆ ಸರಿಯಾಗಿ ಬೆಸುಗೆ ಹಾಕಬೇಕು. ಪಾದ ಹಲಗೆಯ ಮೇಲೆ ಊರಿದ್ದಲ್ಲೇ ಇದ್ದು ಎರಡೂ ಕಡೆ ಎಟುಕಬೇಕು, ಅಳತೆ ತನ್ನಿ ಎಂದ. ಅವಳಿಗೆ ಅಳತೆ ಒಂದು ಲೆಕ್ಕವೇ? ಊರಿನ ಅರ್ಧ ಮಕ್ಕಳ ಸಮವಸ್ತ್ರ ಹೊಲಿದವಳು.

ಗುರುವಾರ ರಾತ್ರಿ ಗಂಡ ಊಟ ಮಾಡಿ ಅಡ್ಡಾಗಿದ್ದ. ಹೊದಿಕೆಯಿಂದ ಪಾದಗಳು ಹೊರಗಿದ್ದವು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಜಾತಿಯೇ ಅಲ್ಲ ಅವನದು. ಮೆಲ್ಲಗೆ ಟೇಪು ಹಿಡಿದು ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಳೆದು, ಚೀಟಿಯಲ್ಲಿ ಬರೆದು, ಶುಕ್ರವಾರ ಬೆಳಿಗ್ಗೆಯೇ ಪಳಪಳನಿಗೆ ಮುಟ್ಟಿಸಿದಳು. ಗಂಡನಿಗೆ ಏನೂ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾನೆ. ಒಮ್ಮೆ ಬೇಡ ಎಂದರೆ ಅವನ ನಾಲಿಗೆಯ ಮೇಲೆ ಆ ಮಾತು ಬೆಸುಗೆ ಹಾಕಿದಂತೆ.

ಶನಿವಾರ ಗಂಡನಿಗೆ ಅರ್ಧ ದಿನ ಕೆಲಸ. ಅವನು ಅತ್ತ ಹೋದದ್ದೇ ಪಳಪಳ ಇತ್ತಿಂದ ಬಂದ. ಹಳೆಯ ಕಡ್ಡಿ ಬಿಚ್ಚುವ ಮುಂಚೆ, ಅದು ಕಚ್ಚಿಕೊಂಡಿದ್ದ ಅಚ್ಚಿನ ಹಲ್ಲಿಗೆ ಬಿಳಿ ಬಣ್ಣದಲ್ಲಿ ಚುಕ್ಕೆ ಇಟ್ಟ. ಹೊಸದು ಒಂದು ಹಲ್ಲು ಆಚೀಚೆ ಕೂತರೂ ಕಾಲಿಗೆ ತ್ರಾಸು ಎಂದ. ಹಲಗೆಗಳನ್ನು ಚೌಕಟ್ಟಿಗೆ ಸೇರಿಸಿ, ಅದುರಿ ಸಡಿಲವಾಗದಿರಲೆಂದು ಬೋಲ್ಟಿಗೆ ನೀಲಿ ಅಂಟು ಹಚ್ಚಿ ಬಿಗಿದ. ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತು, ಅಲ್ಲೊಂದು ವಾಷರ್ ಬಿತ್ತು, ಇಲ್ಲೊಂದು ಉರುಳಿತು ಎಂದು ಮೇಸ್ತ್ರಿಕೆ ಮಾಡಿದಳು. ಪಕ್ಕದ ಸ್ಟ್ಯಾಂಡು ಹಲಗೆಯ ಅಂಚಿಗೆ ತಗುಲಿ ಪೂರ್ತಿ ಬಿಚ್ಚದಿದ್ದಾಗ, ಅದನ್ನೂ ಮೊದಲು ಕಂಡವಳು ಅವಳೇ. ಪಳಪಳ ಹಲಗೆಯನ್ನು ಒಂದು ಬಿಲ್ಲೆಯಷ್ಟು ಹೊರಕ್ಕೆ ಸರಿಸಿ ಸರಿಮಾಡಿದ.

ಟಪ್ ಟಪ್ ಶಬ್ದ ಕೇಳಿತು. ಗಂಡ ಬಂದಿದ್ದ.

ಬಿಚ್ಚಿಟ್ಟ ಪರದೆಯನ್ನೂ, ನೆಲದ ಮೇಲಿನ ಹಳೆಯ ಕಡ್ಡಿಯನ್ನೂ, ಹೊಸದನ್ನೂ ನೋಡಿದ. ಬೈಯಲಿಲ್ಲ. ಚೀಲವನ್ನು ತಾಯಿಯ ಕೈಗೆ ಕೊಟ್ಟು ಸೀಟಿನ ಮೇಲೆ ಕೂತು, ಎಡಪಾದವನ್ನು ಹಲಗೆಯ ಮೇಲಿಟ್ಟ. ಬೆರಳಲ್ಲಿ ಒತ್ತಿದ. ಕಟ್ ಎಂದು ಗೇರು ಬಿತ್ತು. ಅವನು ಹಿಮ್ಮಡಿ ಒತ್ತಿದ. ಹಿಮ್ಮಡಿ ಬರೀ ಹಲಗೆಗೆ ತಾಗಿತು. ಇನ್ನಷ್ಟು ಚಾಚಿದ. ಹಿಂದಿನ ತೋಳು ಎರಡು ಬೆರಳು ದೂರದಲ್ಲಿತ್ತು. ಪಾದವನ್ನು ಹಿಂದಕ್ಕೆ ಎಳೆದರೆ ಅದು ಸಿಗುತ್ತಿತ್ತು, ಆದರೆ ಮುಂದಿನದು ತಪ್ಪುತ್ತಿತ್ತು. ಮತ್ತೆ ಮುಂದಕ್ಕಿಡಬೇಕೆಂದರೆ ಪಾದ ಎತ್ತಬೇಕು.

“ಹೋಗಲಿ ಬಿಡು” ಎಂದು ಅವನು ಇಳಿಯಹೊರಟ.

ಪಳಪಳ ಜೇಬಿನಿಂದ ಚೀಟಿ ತೆಗೆದು, ಕೊಟ್ಟ ಅಳತೆಗೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಮಾಡಿಲ್ಲ ಎಂದ. ಹೊಲಿಗೆಯವಳು ಕೊರಳಲ್ಲಿದ್ದ ಟೇಪು ಎಳೆದು ಗಂಡನ ಪಾದವನ್ನು ಇನ್ನೊಮ್ಮೆ ಅಳೆದಳು. ಚೀಟಿ ನೋಡಿದಳು. ಮತ್ತೆ ಅಳೆದಳು. ಅವಳ ಮುಖ ಕೆಂಪಗಾಯಿತು.

“ಮಾರ್ಜಿನ್ ಬಿಟ್ಟಿದೀನಿ” ಎಂದಳು ಸಣ್ಣ ದನಿಯಲ್ಲಿ.

ಯಾರಿಗೂ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಬೇಕಾಯಿತು. ಮೂವತ್ತು ವರ್ಷದಿಂದ ಯಾವ ಅಳತೆ ತೆಗೆದರೂ ಬರೆಯುವ ಹೊತ್ತಿಗೆ ಕೈ ತಾನಾಗಿಯೇ ಎರಡು ಬೆರಳು ಸೇರಿಸುತ್ತದೆ. ಹೊಲಿಗೆಗೆ ಒಂದಿಷ್ಟು, ಮಗು ಬೆಳೆದರೆ ಬಿಚ್ಚಿ ದೊಡ್ಡದು ಮಾಡಲಿಕ್ಕೆ ಒಂದಿಷ್ಟು. ಮೊನ್ನೆ ಬರೆದದ್ದು ಕಬ್ಬಿಣಕ್ಕೆ ಎಂಬುದು ಕೈಗೆ ಗೊತ್ತಾಗಿಲ್ಲ.

ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. “ಅಂದ್ರೆ ಏನೇ? ಐವತ್ತರ ಮೇಲೆ ನನ್ನ ಮಗನ ಕಾಲು ಇನ್ನೂ ಬೆಳೆಯುತ್ತೆ ಅಂತಾನಾ?”

ಮೊದಲು ನಕ್ಕವನು ಪಳಪಳ. ಆಮೇಲೆ, ಸೀಟಿನ ಮೇಲಿಂದ, ಗಂಡ. ಮೊದಮೊದಲು ಬರೀ ಹೆಗಲು ಕುಣಿಯಿತು, ಆಮೇಲೆ ದನಿಯೂ ಬಂತು. ಅವನು ಪೆಟ್ರೋಲ್ ಟ್ಯಾಂಕಿನ ಮೇಲೆ ತಲೆಯಿಟ್ಟು ನಕ್ಕ. ಹೊಲಿಗೆಯವಳು ಟೇಪು ಹಿಡಿದುಕೊಂಡು ನೋಡುತ್ತ ನಿಂತಳು. ತಪ್ಪು ಮಾಡಿ ಇಷ್ಟು ಹಗುರಾದದ್ದು ಅವಳಿಗೆ ನೆನಪಿರಲಿಲ್ಲ.

ಕಣ್ಣೊರೆಸಿಕೊಂಡು ಅವನು ಹೇಳಿದ: “ಗುರುವಾರ ನಾನು ನಿದ್ದೆ ಮಾಡಿರಲಿಲ್ಲ ಕಣೆ. ಟೇಪು ತಣ್ಣಗಿತ್ತು. ಅಲ್ಲಾಡಿದ್ರೆ ಅಳತೆ ತಪ್ಪುತ್ತೇನೋ ಅಂತ ಸುಮ್ಮನೆ ಮಲಗಿದ್ದೆ.”

ಅಂದರೆ ಏತಕ್ಕೆ ಎಂದು ತಿಳಿಯದಿದ್ದರೂ ಏನೋ ನಡೆಯುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಡ ಎಂದಿರಲಿಲ್ಲ. ಹೊಲಿಗೆಯವಳು ಅದನ್ನು ಮನಸ್ಸಿನಲ್ಲೇ ಮಡಿಸಿ ಇಟ್ಟುಕೊಂಡಳು. ಪಳಪಳ ಆಗಲೇ ತೋಳನ್ನು ಬಿಚ್ಚುತ್ತಿದ್ದ. ಜಾಸ್ತಿ ಇದ್ದದ್ದನ್ನು ಕತ್ತರಿಸಿ ಕೂರಿಸಬಹುದು, ಕಮ್ಮಿಯಾಗಿದ್ದರೆ ಹೊಸದಕ್ಕೆ ತಿಂಗಳು ಕಾಯಬೇಕಿತ್ತು, ನಿಮ್ಮ ಮಾರ್ಜಿನ್ನೇ ಕಾಪಾಡಿತು ಎಂದು ಹೇಳಿ, ಅವಳ ಸೀಮೆಸುಣ್ಣದಿಂದಲೇ ಗುರುತು ಹಾಕಿಸಿಕೊಂಡು ಹೋದ.

ಭಾನುವಾರ ಹತ್ತು ಗಂಟೆಗೆ ಪಳಪಳ ತೋಳು ತಂದು ಕೂರಿಸಿದ. ಸುಟ್ಟ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಹಾಕದೆ, ಚಕ್ರ ಕೈಯಲ್ಲಿ ತಿರುಗಿಸುತ್ತ, ಗಂಡನಿಗೆ ಇಪ್ಪತ್ತು ಸಲ ಗೇರು ಏರಿಸಿ ಇಳಿಸಿ ಅಭ್ಯಾಸ ಮಾಡಿಸಿದ. ಕೊನೆಯ ಬೋಲ್ಟನ್ನು ಇನ್ನೊಮ್ಮೆ ಬಿಗಿಯುತ್ತಿರುವಾಗ ಗೋದಾಮಿನ ಸಾಹೇಬರು, ಹನ್ನೊಂದೆಂದವರು ಹತ್ತೂವರೆಗೇ, ಗೇಟು ತೆಗೆದರು. ಗಾಡಿಯನ್ನು ಸುತ್ತು ಹಾಕಿ ನೋಡಿ, ಸ್ಟಾರ್ಟ್ ಆಗುತ್ತದೆಯೇ ಎಂದು ಕೇಳಿದರು.

“ನೋಡಿ ಬರ್ತೀನಿ” ಎಂದು ಗಂಡ ಹೆಲ್ಮೆಟ್ ಹಾಕಿಕೊಂಡ.

ಹೊಲಿಗೆಯವಳು ಗೇಟಿನವರೆಗೂ ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟಳು. ಹದಿನೆಂಟು ವರ್ಷ ಅಲ್ಲಿಂದಲೇ ಆ ಸವತಿಯ ದನಿ ಕೇಳಿದವಳಿಗೆ ಕಣ್ಣು ಬೇಕಿರಲಿಲ್ಲ. ಗಾಡಿ ಗುಡುಗಿತು, ಹೊರಟಿತು, ದನಿ ಏರಿತು, ಇನ್ನೂ ಏರಿತು, ಅಂದು ಕಿರುಚಿದ್ದ ಮಟ್ಟಕ್ಕೆ ಬಂತು. ಅವಳು ಕಣ್ಣು ಮುಚ್ಚಿದಳು. ಕಟ್. ದನಿ ತಗ್ಗಿ ದಪ್ಪಗಾಯಿತು. ಎರಡು. ಬೀದಿಯ ಅರ್ಧಕ್ಕೆ ಮತ್ತೊಮ್ಮೆ ತಗ್ಗಿತು. ಮೂರು. ತಿರುವಿನ ಹತ್ತಿರ ಇದ್ದಕ್ಕಿದ್ದಂತೆ ಏನೂ ಕೇಳಲಿಲ್ಲ. ಎಂಜಿನ್ ನಿಂತಿತ್ತು. ನೀರು ಕುದಿಯುವ ಶಬ್ದವೊಂದೇ. ಈಗ ತಳ್ಳಿಕೊಂಡು ಬರುತ್ತಾನೆ ಎಂದುಕೊಂಡಳು. ಹತ್ತರವರೆಗೆ ಎಣಿಸಿದಳು. ಹದಿನಾಲ್ಕಕ್ಕೆ ಗಾಡಿ ಮತ್ತೆ ಗುಡುಗಿತು, ತಿರುವು ದಾಟಿತು, ಒಂದು, ಎರಡು, ಮೂರು, ಮತ್ತೆ ತೀರ ದೂರದಲ್ಲಿ ಬಹುಶಃ ನಾಲ್ಕು.

ಟೀ ಆಯಿತು, ಆರಿತು. ಸಾಹೇಬರು ಮೂರು ಸಲ ಗಡಿಯಾರ ನೋಡಿದರು. ಅತ್ತೆ ಅವರಿಗೆ ತನ್ನ ಮಂಡಿನೋವಿನ ಚರಿತ್ರೆಯನ್ನು ಮೊದಲಿನಿಂದ ಹೇಳತೊಡಗಿದಳು. ಪಳಪಳ ಒರೆಸಿದ ಸ್ಪ್ಯಾನರನ್ನೇ ಒರೆಸುತ್ತ ಕೂತ. ಮುಕ್ಕಾಲು ಗಂಟೆಯ ಮೇಲೆ ಗಾಡಿ ಬಂತು. ಸ್ಟ್ಯಾಂಡು ಸಲೀಸಾಗಿ ಬಿಚ್ಚಿಕೊಂಡಿತು.

ಗಂಡ ಸಾಹೇಬರ ಮುಂದೆ ನಿಂತು, ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ, ಗಾಡಿ ಮಾರುವುದಿಲ್ಲ, ಟೀ ಕುಡಿದೇ ಹೋಗಬೇಕು ಎಂದ. ಅವರು ಮುಖ ಸಣ್ಣದು ಮಾಡಿದರೂ, ಪಳಪಳ ಅವರನ್ನು ಪಕ್ಕಕ್ಕೆ ಕರೆದು, ನಿಮಗೆ ಎಂಥ ಗಾಡಿ ಬೇಕು ಹೇಳಿ ಎಂದು ಹೆಗಲ ಮೇಲೆ ಕೈಹಾಕಿದ.

ಟಪ್ ಟಪ್ ಎಂದು ಶಬ್ದ ಅಡುಗೆಮನೆಗೆ ಬಂತು. ಗಂಡ ಹೊಸ್ತಿಲ ಮೇಲೆ ಕೂತ. ಗಾಳಿ ಬಡಿದು ಕಣ್ಣಲ್ಲಿ ನೀರಿತ್ತು, ಮೊಣಕೈಗೆ ಮಸಿ ಮೆತ್ತಿತ್ತು. ಅವಳು ಟೀಯನ್ನು ಮತ್ತೆ ಬಿಸಿಗಿಟ್ಟಿದ್ದಳು.

“ಕೇಳಿಲ್ಲಿ” ಎಂದ. “ಆ ತಿರುವಿನಲ್ಲಿ ಎಂಜಿನ್ ಆಫ್ ಆಯ್ತಲ್ಲ, ಅಲ್ಲೊಬ್ಬ ಮುದುಕ ಎರಡು ಬಾತುಕೋಳಿ ಹಿಡ್ಕೊಂಡು ನಿಂತಿದ್ದ. ಅವನು ನನ್ನ ಕಾಲು ನೋಡಿ ಏನಂದ ಗೊತ್ತಾ?”

ಅವಳು ಒಲೆ ಆರಿಸಿದಳು. ಕಾಲಿನಿಂದಲೇ ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು.