ಕುಡಿ ಕತ್ತರಿಸುವ ಕೈ

ಕಾಡುಗೋಡಿ ದಾಟಿ, ಅಪಾರ್ಟ್‌ಮೆಂಟುಗಳ ಕಾಂಪೌಂಡುಗಳ ನಡುವೆ ಉಳಿದುಕೊಂಡಿದ್ದ ಒಂದೂವರೆ ಎಕರೆಯಲ್ಲಿ ಮುನಿಯಣ್ಣ ನೆಟ್‌ಹೌಸ್ ಕಟ್ಟಿಸಿ ಮೂರು ವರ್ಷವಾಗಿತ್ತು. ಒಳಗೆ ಬೆಂಚುಗಳ ಮೇಲೆ ಆಲೂಗಡ್ಡೆಯ ತಾಯಿಗಿಡಗಳು. ಅವುಗಳ ಕುಡಿ ಕತ್ತರಿಸಿ, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಊರಿ, ಬೇರು ಬಿಟ್ಟ ಸಸಿಗಳನ್ನು ಮಾಲೂರು ಕಡೆಯ ರೈತರಿಗೆ ಕೊಡುವುದು ಅಲ್ಲಿಯ ಕೆಲಸ.

ಕತ್ತರಿಸುವವಳು ಶೇಖವ್ವ. ಬಾದಾಮಿ ಕಡೆಯಿಂದ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದವಳು, ಬೆನ್ನುನೋವು ಹತ್ತಿದ ಮೇಲೆ ಸಿಮೆಂಟು ಹೊರುವುದನ್ನು ಬಿಟ್ಟು ಇಲ್ಲಿಗೆ ಸೇರಿದ್ದಳು. ದಿನಕ್ಕೆ ಸಾವಿರ ಕುಡಿ ತೆಗೆದರೂ ಒಂದೂ ಜಜ್ಜುತ್ತಿರಲಿಲ್ಲ. ಅವಳ ಕೈಗುಣದಿಂದಲೇ ಸಸಿ ಬೇರು ಬಿಡುತ್ತವೆ ಎಂದು ಮುನಿಯಣ್ಣ ಬಂದವರಿಗೆಲ್ಲ ಹೇಳುತ್ತಿದ್ದ.

ದೀಪಾವಳಿಗೆ ಹತ್ತು ದಿನವಿದ್ದಾಗ ಮೂರನೇ ಬೆಂಚಿನ ಒಂದು ಎಲೆ ಅವಳ ಕಣ್ಣಿಗೆ ಬಿತ್ತು. ಬೆಳಕಿಗೆ ಹಿಡಿದು ನೋಡಿದಳು. ನರಗಳ ನಡುವೆ ಅಲ್ಲಲ್ಲಿ ಹಸಿರು ತೆಳುವಾಗಿ, ಮಾಸಿದ ಸೀರೆಯ ಹಾಗೆ ಕಂಡಿತು. ಮುನಿಯಣ್ಣನಿಗೆ ತೋರಿಸಿದರೆ ಅವನು ಗೊಬ್ಬರ ಸಾಲದಾಗಿದೆ ಎಂದು ಸತುವು, ಮೆಗ್ನೀಷಿಯಂ ಸಿಂಪಡಿಸಿದ. ಐದು ದಿನ ಕಳೆದರೂ ಮಚ್ಚೆ ಹೋಗಲಿಲ್ಲ. ಶನಿವಾರ ಸಸಿ ಒಯ್ಯಲು ಮಾಲೂರಿನ ರೈತ ನರಸಪ್ಪನ ಟೆಂಪೋ ಬರುವುದಿತ್ತು.

ಶೇಖವ್ವ ಸುಮ್ಮನಿರಲಿಲ್ಲ. ತಾಯಿಗಿಡಗಳನ್ನು ಕೊಟ್ಟ ಎಲೆಕ್ಟ್ರಾನಿಕ್ ಸಿಟಿಯ ಲ್ಯಾಬಿನ ದಿವ್ಯಾ ಮೊದಲ ದಿನವೇ ಒಂದು ಮಾತು ಹೇಳಿದ್ದಳು. ಕೆಲವು ವೈರಸ್ಸುಗಳನ್ನು ಗಿಡದ ರಸ ಹೀರುವ ಸಸ್ಯಹೇನು ಹೊತ್ತು ತರುತ್ತದೆ, ಇನ್ನು ಕೆಲವಕ್ಕೆ ಹೇನೂ ಬೇಡ, ರೋಗದ ಗಿಡದ ರಸ ಇನ್ನೊಂದು ಗಿಡದ ಗಾಯಕ್ಕೆ ತಾಗಿದರೆ ಸಾಕು. ಶೇಖವ್ವ ಹುಳು ಹಿಡಿಯಲೆಂದು ತೂಗುಹಾಕಿದ್ದ ಹಳದಿ ಅಂಟುಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಒಂದರಲ್ಲೂ ಹೇನಿರಲಿಲ್ಲ. ನೆಟ್‌ಹೌಸಿನ ಪರದೆಯಲ್ಲಿ ಎಲ್ಲೂ ಹರಕಿರಲಿಲ್ಲ.

ಆಮೇಲೆ ಒಂದನೇ ಬೆಂಚಿನಿಂದ ಎಲೆ ನೋಡುತ್ತಾ ಹೊರಟಳು. ಮಚ್ಚೆ ಚೆಲ್ಲಾಪಿಲ್ಲಿಯಾಗಿ ಇರಲಿಲ್ಲ. ಒಂದನೇ ಬೆಂಚಿನ ತುದಿಯಿಂದ ಶುರುವಾಗಿ, ಎರಡಕ್ಕೆ ದಾಟಿ, ಮೂರರ ಕೊನೆಯವರೆಗೆ ಸಾಲು ಹಿಡಿದಿತ್ತು. ನಾಲ್ಕನೇ ಬೆಂಚಿನ ಎಲೆಗಳೆಲ್ಲ ಹಚ್ಚಗಿದ್ದವು. ಬೆಳಗ್ಗೆ ಅವಳು ಕತ್ತರಿಸುತ್ತಿದ್ದುದೇ ಹಾಗೆ, ಒಂದರಿಂದ ಮೂರರವರೆಗೆ, ಒಂದೇ ಬ್ಲೇಡಿನಲ್ಲಿ. ಊಟ ಮುಗಿಸಿ, ಸೋಪಿನಲ್ಲಿ ಕೈ ತೊಳೆದು, ಹೊಸ ಬ್ಲೇಡು ತೆಗೆದುಕೊಂಡು ನಾಲ್ಕನೆಯದಕ್ಕೆ ಹೋಗುತ್ತಿದ್ದಳು.

ಮೊದಲನೆಯ ಗಿಡ ಯಾವುದೆಂದೂ ತಿಳಿಯಿತು. ಗಣೇಶನ ಹಬ್ಬದ ಹೊತ್ತಿಗೆ ಮುನಿಯಣ್ಣ ಅಡುಗೆಮನೆಯ ಮೊಳಕೆ ಬಂದ ಆಲೂಗಡ್ಡೆಯೊಂದನ್ನು ಕುಂಡದಲ್ಲಿ ಊರಿ ಒಂದನೇ ಬೆಂಚಿನ ತುದಿಗೆ ಇಟ್ಟಿದ್ದ. ತಳಿ ಚೆನ್ನಾಗಿ ಕಾಣುತ್ತದೆ, ಬೆಳೆಸಿ ನೋಡೋಣ ಎಂಬ ಆಸೆ ಅವನದು. ಸಾಲಿನಲ್ಲಿ ಇತ್ತೆಂದು ಅವಳು ಅದರ ಕುಡಿಯನ್ನೂ ತೆಗೆಯುತ್ತಿದ್ದಳು. ಸದ್ಯ, ಆ ಕುಂಡ ಬಂದ ಮೇಲೆ ಒಂದು ಸಸಿಯೂ ಹೊರಗೆ ಹೋಗಿರಲಿಲ್ಲ.

ಶುಕ್ರವಾರ ಬೆಳಗ್ಗೆ ಅವಳು ಮುನಿಯಣ್ಣನನ್ನು ಕೇಳದೆಯೇ ದಿವ್ಯಾಗೆ ಫೋನ್ ಮಾಡಿದಳು. ಮಧ್ಯಾಹ್ನದೊಳಗೆ ದಿವ್ಯಾ ಪರೀಕ್ಷೆಯ ಪಟ್ಟಿಗಳನ್ನು ಚೀಲದಲ್ಲಿ ಹಾಕಿಕೊಂಡು ಮೆಟ್ರೋ ಹಿಡಿದು ಬಂದಳು. ಎಲೆ ಅರೆದು, ಆ ರಸದಲ್ಲಿ ಪಟ್ಟಿ ಅದ್ದಿ, ಮೂವರೂ ನೋಡುತ್ತಾ ನಿಂತರು. ಒಂದು ಗೆರೆ ಮೂಡಿದರೆ ಕ್ಷೇಮ, ಎರಡು ಮೂಡಿದರೆ ವೈರಸ್ಸು. ಕುಂಡದ ಗಿಡಕ್ಕೆ ಎರಡು ಗೆರೆ. ಮೂರು ಬೆಂಚಿನ ಎಲೆಗಳಿಗೂ ಎರಡು. ನಾಲ್ಕನೆಯದಕ್ಕೆ ಎಷ್ಟು ಸಲ ನೋಡಿದರೂ ಒಂದೇ.

ಮುನಿಯಣ್ಣ ಟ್ರೇಗಳ ಕಡೆ ನೋಡಿದ. ಸಸಿಗಳು ನೋಡಲು ಸೊಗಸಾಗಿದ್ದವು, ಅರ್ಧಕ್ಕರ್ಧ ಗಿಡದಲ್ಲಿ ಮಚ್ಚೆಯೂ ಕಾಣುತ್ತಿರಲಿಲ್ಲ.

"ಗಿಡ ಏನ್ ಸಾಯಾಕಿಲ್ವಲ್ಲ. ನಾಳೆ ಕಳ್ಸ್‌ಬುಡಾನ, ಇಳುವರಿ ಒಸಿ ಕಮ್ಮಿ ಬಂದ್ರೆ ಬರ್ಲಿ" ಎಂದ.

"ಬ್ಯಾಡ್ರಿ ಅಣ್ಣಾರ" ಎಂದಳು ಶೇಖವ್ವ. "ಇದು ಎಲಿಯೊಳಗ ನಿಲ್ಲೂದಿಲ್ಲ, ಗಡ್ಡಿಗೆ ಇಳೀತೈತಿ. ಮುಂದಿನ ವರ್ಷ ಅವರು ಅದ ಗಡ್ಡಿ ಬೀಜಕ್ಕ ಇಡ್ತಾರ. ಅವರ ಹೊಲಕ್ಕ ನಾವ ರೋಗ ಬಿತ್ತಿದಂಗ ಆಗ್ತೈತ್ರಿ."

ಅವನಿಗೆ ಸಿಟ್ಟು ಬಂತು. ಎಲ್ಲ ಕುಡಿ ಕತ್ತರಿಸಿದವಳು ಅವಳೇ ತಾನೆ ಎಂದ. ಕುಂಡ ಇಟ್ಟವರು ಯಾರೆಂದು ಕೇಳಲು ದಿವ್ಯಾ ಬಾಯಿ ತೆರೆಯುವಷ್ಟರಲ್ಲಿ ಶೇಖವ್ವ ತಡೆದಳು.

"ಹೌದ್ರಿ, ನನ್ನ ಕೈಯಿಂದನ ಹಬ್ಬೇತಿ. ಅದಕ್ಕ ನಾನ ಕೀಳ್ತೀನಿ."

ಒಂದನೇ ಬೆಂಚಿಗೆ ಹೋಗಿ ಕುಂಡದ ಗಿಡವನ್ನು ಬುಡಸಮೇತ ಕಿತ್ತು ಚೀಲಕ್ಕೆ ಹಾಕಿದಳು. ಪಕ್ಕದ ಗಿಡ ಕಿತ್ತಳು. ಅದರ ಪಕ್ಕದ್ದು ಕಿತ್ತಳು. ತಾನೇ ಸಾಕಿದ ಗಿಡಗಳು, ಆದರೂ ಕೈ ನಿಲ್ಲಿಸಲಿಲ್ಲ. ಮುನಿಯಣ್ಣ ಬಾಗಿಲು ದಾಟಿ ಹೋದ. ಎರಡನೇ ಬೆಂಚು ಅರ್ಧವಾಗುವಷ್ಟರಲ್ಲಿ ಹೊರಗೆ ಅವನು ನರಸಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು: ಗಿಡಕ್ಕೆ ರೋಗ ಬಿದ್ದಿದೆ, ತಪ್ಪು ನನ್ನದೇ, ಟೆಂಪೋ ಕಳಿಸಬೇಡ. ಆಮೇಲೆ ಬಂದು ಇನ್ನೊಂದು ಚೀಲ ಬಿಡಿಸಿದ. ಬೇರುಬಿಟ್ಟ ಸಸಿಗಳನ್ನೂ ಬಿಡದೆ, ಎಲ್ಲವನ್ನೂ ಹಿತ್ತಿಲ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದರು. ಬೆಂಚುಗಳನ್ನು ಬ್ಲೀಚಿಂಗ್ ನೀರಿನಲ್ಲಿ ಉಜ್ಜಿದರು.

ಉಳಿದದ್ದು ಒಂದೇ ಬೆಂಚು. ಅದರಿಂದಲೇ ಶೇಖವ್ವ ಮತ್ತೆ ಶುರುಮಾಡಿದಳು. ಈಗ ಅವಳ ಬಳಿ ಎರಡು ಬ್ಲೇಡು. ಒಂದು ಕತ್ತರಿಸುವಾಗ ಇನ್ನೊಂದು ಬ್ಲೀಚಿಂಗ್ ನೀರಿನಲ್ಲಿ ನೆನೆಯುತ್ತಿರುತ್ತದೆ, ಗಿಡಕ್ಕೊಮ್ಮೆ ಅದಲು ಬದಲು. ಕೆಲಸ ಅರ್ಧಕ್ಕೆ ಇಳಿಯಿತು. ಬ್ಲೇಡುಗಳು ಬೇಗ ತುಕ್ಕು ಹಿಡಿಯತೊಡಗಿದವು. ಬೆರಳ ಸಂದಿಗಳು ಸುಲಿದವು, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಳು. ಹದಿನೈದು ದಿನಕ್ಕೊಮ್ಮೆ ದಿವ್ಯಾ ಪಟ್ಟಿ ಅದ್ದಿ ನೋಡುತ್ತಿದ್ದಳು. ಪ್ರತಿ ಸಲವೂ ಒಂದೇ ಗೆರೆ.

ಡಿಸೆಂಬರ್ ಕೊನೆಗೆ ನರಸಪ್ಪ ತಾನೇ ಟೆಂಪೋದಲ್ಲಿ ಬಂದ. ನಾಟಿ ತಡವಾಯಿತೆಂದು ಮುಖ ಗಂಟಿಕ್ಕಿಕೊಂಡಿದ್ದ, ಕೇಳಿದ್ದರಲ್ಲಿ ಮೂರನೇ ಒಂದು ಪಾಲೂ ಸಿಗಲಿಲ್ಲವೆಂದು ಗೊಣಗಿದ. ಸಸಿಗಳನ್ನು ನೋಡುತ್ತೇನೆಂದು ಬೀಡಿ ಆರಿಸಿ ಒಳಗೆ ಕಾಲಿಡಹೋದಾಗ ಶೇಖವ್ವ ಬಾಗಿಲಿಗೆ ಅಡ್ಡ ನಿಂತು, ಸೋಪು ಮತ್ತು ನೀರಿನ ಬಕೆಟ್ಟು ಮುಂದಿಟ್ಟಳು. ಅವನು ಮುನಿಯಣ್ಣನ ಮುಖ ನೋಡಿದ.

"ನನ್ನ ಯಾಕ್ ನೋಡ್ತೀಯಪ್ಪ? ಈ ಬಾಗ್ಲು ಆಯಮ್ಮಂದು" ಎಂದ ಮುನಿಯಣ್ಣ. "ಮೊದ್ಲು ಕೈ ತೊಳಿ."

ನರಸಪ್ಪ ತೋಳು ಮಡಿಚಿ ಕುಕ್ಕರಗಾಲಲ್ಲಿ ಕುಳಿತ. ಶೇಖವ್ವ ಚೊಂಬಿನಿಂದ ನೀರು ಹೊಯ್ದಳು.